ನಾಯಿಗೆ ಎಸೆದದ್ದು ಮನೆಗೆ ಬರುತ್ತದೆ

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ರೈತರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಕೈಯಲ್ಲಿ ಬ್ಯಾಟರಿ, ಬಡಿಯಲು ತಗಡಿನ ಡಬ್ಬಿ, ಹೊದೆಯಲು ಕಂಬಳಿ ಹಿಡಿದು ಹೊಲದಲ್ಲೇ ಬೆಳಗು ಮಾಡುತ್ತಾರೆ. ಕಾಡುಹಂದಿಯ ಹಿಂಡು ಒಮ್ಮೆ ನುಗ್ಗಿದರೆ ತಿನ್ನುವುದಕ್ಕಿಂತ ಅಗೆದು, ತುಳಿದು ಹಾಳು ಮಾಡುವುದೇ ಹೆಚ್ಚು. ಚಿಗರಿಗಳು ಎಳೆ ಪೈರಿನಲ್ಲೇ ಸಾಲು ಹಿಡಿದು ಮೇಯುತ್ತವೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಹಿಂದೆ ಇಂಥ ಎಷ್ಟೋ ನಿದ್ದೆಗೆಟ್ಟ ರಾತ್ರಿಗಳಿವೆ.

ಆ ಸಿಟ್ಟು ಮತ್ತು ಸಂಕಟದಲ್ಲೇ ಅಲ್ಲೊಂದು ಇಲ್ಲೊಂದು ಬದುವಿಗೆ ತಂತಿಯ ಉರುಲು ಬೀಳುತ್ತದೆ. ಸಿಕ್ಕಿಬಿದ್ದ ಹಂದಿಯನ್ನು ಬೆಳಕು ಹರಿಯುವ ಮುಂಚೆ ಕೊಯ್ದು ಪಾಲು ಹಾಕಲಾಗುತ್ತದೆ. ಯಾರ ಮನೆಗೆ ಎಷ್ಟು ಹೋಯಿತು ಎಂಬ ಮಾತು ಊರ ಹೊರಗೆ ಹೋಗುವುದಿಲ್ಲ. ಹೋಗುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೆಯದರಲ್ಲಿ. ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು.

ಕಾನೂನಿನ ಮಾತು ಅರಣ್ಯ ಇಲಾಖೆಯವರಿಗೂ ನ್ಯಾಯಾಲಯಕ್ಕೂ ಸೇರಿದ್ದು. ನಾನು ಬರೆಯಹೊರಟಿದ್ದು ಆ ಪಾಲು ಹಾಕಿದ ಮಾಂಸದ ಬಗ್ಗೆ, ಅದರಲ್ಲೂ ಯಾರೂ ಪಾಲು ಕೇಳದ ಭಾಗದ ಬಗ್ಗೆ. ಕರುಳು, ಪುಪ್ಪುಸ, ಗುಳ್ಳೆ ಇದ್ದ ಕಲೀಜಿಯ ತುಂಡು ಇವೆಲ್ಲ ಎಲ್ಲಿ ಹೋದವು? ಬಹುತೇಕ ಸಲ ಉತ್ತರ ಒಂದೇ: ಅಲ್ಲೇ ಬಾಲ ಅಲ್ಲಾಡಿಸುತ್ತ ನಿಂತಿದ್ದ ನಾಯಿಗಳ ಹೊಟ್ಟೆಗೆ.

ಕಾಡಿನಿಂದ ಬರುವ ರೋಗ ಎಂದರೆ ನಮ್ಮ ರಾಜ್ಯದಲ್ಲಿ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆಗೆ ಕಾರಣ ವೈರಸ್. ಅದನ್ನು ಹೊತ್ತು ತರುವುದು ಉಣ್ಣೆ. ಮಲೆನಾಡಿನವರಿಗೆ ಉಣ್ಣೆಯ ಭಯ ಗೊತ್ತು, ಮಂಗ ಸತ್ತಿದ್ದು ಕಂಡರೆ ಯಾರಿಗೆ ಹೇಳಬೇಕೆಂದೂ ಗೊತ್ತು. ನಮ್ಮ ಬಯಲು ಸೀಮೆಯ ಕಾಡಿಗೆ ಅಂಥ ಒಂದು ಎಚ್ಚರಿಕೆಯ ಪಾಠ ಇನ್ನೂ ಬಂದಿಲ್ಲ. ಇಲ್ಲಿಯ ಅಪಾಯ ಜ್ವರದ ಹಾಗೆ ವಾರದಲ್ಲಿ ಕಾಣಿಸಿಕೊಳ್ಳುವುದೂ ಅಲ್ಲ. ಅದು ಹುಳುವಿನ ರೂಪದಲ್ಲಿ ಬರುತ್ತದೆ, ವರ್ಷಗಟ್ಟಲೆ ಒಳಗೇ ಕೂತಿರುತ್ತದೆ.

ಒಂದೇ ನೀರು, ಒಂದೇ ಮೇವು

ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ 134.88 ಚದರ ಕಿಲೋಮೀಟರ್. ತೆಲಂಗಾಣದ ಗಡಿಗೆ ಅಂಟಿಕೊಂಡಿರುವ ಈ ಒಣ ಎಲೆಯುದುರುವ ಕಾಡಿನಲ್ಲಿ ಚಿಗರಿ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿ ಇವೆ. ನಡುವೆ ಚಂದ್ರಂಪಳ್ಳಿ ಜಲಾಶಯ, ಅಂಚಿನಲ್ಲಿ ಲಂಬಾಣಿ ತಾಂಡಾಗಳು. ಕಾಡಿನ ಗಡಿ ನಕಾಶೆಯಲ್ಲಿ ಗೆರೆಯಾಗಿ ಕಾಣುತ್ತದೆ, ಪ್ರಾಣಿಗಳಿಗೆ ಆ ಗೆರೆ ಗೊತ್ತಿಲ್ಲ. ಚಿಗರಿ ಹಗಲು ಕುರಿ ಮೇಯ್ದ ಬೀಳಿನಲ್ಲೇ ಸಂಜೆ ಮೇಯುತ್ತದೆ. ಕಾಡುಹಂದಿ ಊರ ತಿಪ್ಪೆಗೂ ಬರುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಫರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ನೀರಿಗೆ ಕುರಿಯೂ ಬರುತ್ತದೆ, ನಾಯಿಯೂ ಬರುತ್ತದೆ, ಕತ್ತಲಾದ ಮೇಲೆ ಕಾಡಿನದೂ ಬರುತ್ತದೆ. ಬಟ್ಟೆ ಒಗೆಯಲು ಹೆಣ್ಣುಮಕ್ಕಳೂ ಬರುತ್ತಾರೆ.

ಹೀಗೆ ಬೆರೆತು ಬದುಕುವ ಕಡೆ ಹುಳುಗಳಿಗೂ ದಾರಿ ಬೆರೆಯುತ್ತದೆ. ಎಲ್ಲ ಹುಳುವೂ ಮನುಷ್ಯನಿಗೆ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕುರಿಯ ಜಠರದಲ್ಲಿ ರಕ್ತ ಹೀರುವ ಹಿಮಾಂಕಸ್ ಎಂಬ ಹುಳು ಚಿಗರಿಯಲ್ಲೂ ಇರುತ್ತದೆ. ಅದು ಕುರಿಗಾಹಿಯ ಆದಾಯಕ್ಕೆ ಹೊಡೆತ ಕೊಡುತ್ತದೆ, ಆತನ ಹೊಟ್ಟೆಗೆ ಅಲ್ಲ. ಮಾಂಸಖಂಡದಲ್ಲಿ ಅಕ್ಕಿನುಚ್ಚಿನ ಹಾಗೆ ಕಾಣುವ ಸಾರ್ಕೊಸಿಸ್ಟಿಸ್‌ನ ಬಹುಪಾಲು ಬಗೆಗಳೂ ಮನುಷ್ಯನನ್ನು ಕಾಡುವುದಿಲ್ಲ. ಹೆದರಿಕೆ ಹುಟ್ಟಿಸಿ ಜನರನ್ನು ಕಾಡಿನ ವಿರುದ್ಧ ಎತ್ತಿಕಟ್ಟುವುದು ನನ್ನ ಉದ್ದೇಶವಲ್ಲ. ಕೆಳಗೆ ಹೇಳುವ ಮೂರು ಹುಳುಗಳು ಮಾತ್ರ ಬೇರೆ.

ಟೈಫಾಯ್ಡ್ ಅಂದುಕೊಂಡದ್ದು

1835ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯಕೀಯ ವಿದ್ಯಾರ್ಥಿ ಹೆಣ ಕೊಯ್ಯುವ ಪಾಠದಲ್ಲಿದ್ದಾಗ ಮಾಂಸದಲ್ಲಿ ಬಿಳಿ ಚುಕ್ಕೆಗಳನ್ನು ಕಂಡ. ಕೊಯ್ಯುವ ಚಾಕುವಿನ ಮೊನೆ ಮೊಂಡಾಗುವಷ್ಟು ಗಟ್ಟಿಯಾದ ಆ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಒಳಗೆ ಸುರುಳಿ ಸುತ್ತಿಕೊಂಡ ಮರಿಹುಳು. ಅದೇ ಟ್ರಿಕಿನೆಲ್ಲಾ. ಅದರಿಂದ ಸಾವೂ ಬರುತ್ತದೆ ಎಂದು ಗೊತ್ತಾಗಲು ಇನ್ನೂ 25 ವರ್ಷ ಬೇಕಾಯಿತು. 1860ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಮನೆಗೆಲಸದ ಯುವತಿಯೊಬ್ಬಳು ತೀರಿಕೊಂಡಳು. ವೈದ್ಯರು ಟೈಫಾಯ್ಡ್ ಎಂದಿದ್ದರು. ಫ್ರೀಡ್ರಿಕ್ ಝೆಂಕರ್ ಶವಪರೀಕ್ಷೆ ಮಾಡಿದಾಗ ಸ್ನಾಯುಗಳ ತುಂಬ ಈ ಹುಳು. ವಿಚಾರಿಸಿದರೆ, ಕ್ರಿಸ್‌ಮಸ್‌ಗೆಂದು ಹಂದಿ ಕೊಯ್ದ ಮನೆಯಲ್ಲಿ ಅವಳ ಜೊತೆ ಆ ಮಾಂಸ ತಿಂದ ಇತರರಿಗೂ ಮೈ ಕೆಟ್ಟಿತ್ತು.

ಆ ಹುಡುಗಿಯ ಕತೆ ನನಗೆ ಮತ್ತೆ ಮತ್ತೆ ನೆನಪಾಗುವುದು ನಮ್ಮ ತಾಲ್ಲೂಕು ಕೇಂದ್ರಗಳ ದವಾಖಾನೆಗಳ ಮುಂದಿನ ಸಾಲು ಕಂಡಾಗ. ಜ್ವರ, ಮೈಕೈ ನೋವು ಎಂದು ಬಂದವರಿಗೆ ಟೈಫಾಯ್ಡ್, ಡೆಂಗಿ, ಚಿಕೂನ್‌ಗುನ್ಯಾ ಮೂರರಲ್ಲಿ ಒಂದು ಹೆಸರು ಬೀಳುತ್ತದೆ. ಟ್ರಿಕಿನೆಲ್ಲಾ ಬಂದರೆ ಹೊರಗೆ ಕಾಣುವುದೂ ಇವೇ ಲಕ್ಷಣಗಳು. ಮಾಂಸ ತಿಂದ ಒಂದೆರಡು ದಿನದಲ್ಲಿ ಹೊಟ್ಟೆನೋವು, ಭೇದಿ. ಆಮೇಲೆ ಸ್ವಲ್ಪ ಬಿಡುವು. ಎರಡು ವಾರದ ಆಚೆ ಜ್ವರ, ಕಣ್ಣಿನ ರೆಪ್ಪೆ ಊದುವುದು, ಮುಖ ದಪ್ಪವಾಗುವುದು, ಅಗಿಯಲೂ ಆಗದಷ್ಟು ಸ್ನಾಯು ನೋವು. ಹೃದಯದ ಸ್ನಾಯುವಿಗೆ ತಗುಲಿದರೆ ಜೀವಕ್ಕೆ ಅಪಾಯ. ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಏರಿರುವುದು ಕಾಣುತ್ತದೆ. ಆದರೆ ಎರಡು ವಾರದ ಹಿಂದೆ ಏನು ತಿಂದಿರಿ ಎಂದು ಕೇಳುವವರು ಬೇಕು, ಕೇಳಿದರೆ ಹೇಳುವವರೂ ಬೇಕು.

ಇದು ಯುರೋಪಿನ ಹಳೆಯ ಕತೆ ಎಂದು ಬಿಡುವಂತಿಲ್ಲ. ಉತ್ತರಾಖಂಡದ ಗುಡ್ಡಗಾಡಿನ ಹಳ್ಳಿಯಲ್ಲಿ ಕಾಡುಹಂದಿ ಮಾಂಸದ ಊಟವಾದ ಮೇಲೆ ಹೀಗೇ ಜನ ಸಾಲುಸಾಲಾಗಿ ಮಲಗಿದ್ದು, ಕೆಲವರು ಸತ್ತದ್ದು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಬೆಂದದ್ದು ಸಾಲದ ಮಾಂಸವೇ ಅಲ್ಲಿ ಕಾರಣ.

“ಚೊಲೊ ಕುದಿಸಿ ತಿಂದ್ರ ಏನ್ ಆಗ್ತದ್ರಿ?” ಎನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅರ್ಧ ಸತ್ಯ ಅದರಲ್ಲಿದೆ. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಟ್ರಿಕಿನೆಲ್ಲಾ ಮರಿಗಳು ಸಾಯುತ್ತವೆ; ಗಡಿಗೆಯಲ್ಲಿ ತಾಸುಗಟ್ಟಲೆ ಕುದಿಸಿದ ಸಾರಿನಲ್ಲಿ ಬದುಕುವುದಿಲ್ಲ. ಆದರೆ ಬೇಟೆ ಮಾಂಸ ಯಾವಾಗಲೂ ಗಡಿಗೆಯಲ್ಲೇ ಬೇಯುತ್ತದೆಯೇ? ಹೊಲದಲ್ಲೇ ಕೆಂಡದ ಮೇಲೆ ಸುಟ್ಟ ತುಂಡಿನ ಹೊರಗೆ ಕರಕಲು, ಒಳಗೆ ಹಸಿ. ಬಿಸಿಲಿಗೆ ಒಣಗಿಸಿ ಇಟ್ಟರೆ, ಉಪ್ಪು ಹಚ್ಚಿದರೆ, ಹೊಗೆಗೆ ಕಟ್ಟಿದರೆ ಹುಳು ಸಾಯುತ್ತದೆಂಬ ಖಾತ್ರಿ ಇಲ್ಲ.

ಫ್ರಿಜ್‌ನಲ್ಲಿಟ್ಟರೆ? 2022ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಒಂದು ಕುಟುಂಬ ಕೂಡಿತ್ತು. ಕೆನಡಾದಲ್ಲಿ ಬೇಟೆಯಾಡಿ 45 ದಿನ ಫ್ರೀಜರ್‌ನಲ್ಲಿಟ್ಟ ಕರಡಿ ಮಾಂಸವನ್ನು ತರಕಾರಿಯೊಂದಿಗೆ ಸರಳಿಗೆ ಚುಚ್ಚಿ ಸುಟ್ಟರು. ಮಾಂಸವೇ ಕಪ್ಪು ಬಣ್ಣದ್ದಾದ್ದರಿಂದ ಬೆಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಆರು ಜನರಿಗೆ ಟ್ರಿಕಿನೆಲ್ಲಾ ತಗುಲಿತು. ಅವರಲ್ಲಿ ಇಬ್ಬರು ಮಾಂಸ ಮುಟ್ಟಿರಲಿಲ್ಲ, ಅದರ ಜೊತೆ ಸುಟ್ಟ ತರಕಾರಿಯನ್ನಷ್ಟೇ ತಿಂದಿದ್ದರು. ಕಾಡುಪ್ರಾಣಿಗಳಲ್ಲಿರುವ ಟ್ರಿಕಿನೆಲ್ಲಾದ ಕೆಲವು ಬಗೆ ಹಿಮಗಟ್ಟಿದರೂ ಸಾಯುವುದಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಮಾರಾಟಕ್ಕೆ ಬರುವ ಪ್ರತಿ ಕಾಡುಹಂದಿಯ ಮಾಂಸವನ್ನೂ ಈ ಹುಳುವಿಗಾಗಿ ಪರೀಕ್ಷಿಸಲೇಬೇಕು. ನಮ್ಮಲ್ಲಿ ಬೇಟೆಯೇ ನಿಷಿದ್ಧ, ಹಾಗಾಗಿ ಪರೀಕ್ಷೆಯ ಪ್ರಶ್ನೆಯೇ ಏಳುವುದಿಲ್ಲ. ಕೇರಳ 2022ರಲ್ಲಿ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಅಲ್ಲಿಯೂ ಕೊಂದ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ ಎಂಬ ನಿಯಮವಿದೆ. ಆ ನಿಯಮದ ಹಿಂದೆ ಆರೋಗ್ಯದ ಕಾರಣವನ್ನೂ ಓದಿಕೊಳ್ಳಬಹುದು.

ಹಂದಿಗೆ ಕೊಟ್ಟವರು ಯಾರು?

ಎರಡನೆಯದು ಲಾಡಿಹುಳು. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವ ಹುಳುವಿನ ಬಗ್ಗೆಯೂ ಇಲ್ಲ.

ಹಂದಿ ಮಾಂಸವನ್ನು ಕೊಯ್ಯುವಾಗ ತೊಗರಿ ಕಾಳಿನಷ್ಟು ದಪ್ಪದ, ಒಳಗೆ ನೀರು ತುಂಬಿದ, ತೆಳ್ಳನೆಯ ಪೊರೆಯ ಗುಳ್ಳೆಗಳು ಸಿಗುವುದುಂಟು. ಬೆಳಕಿಗೆ ಹಿಡಿದರೆ ಗುಳ್ಳೆಯ ಒಂದು ಮಗ್ಗುಲಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಅದು ಒಳಕ್ಕೆ ಮಡಚಿಕೊಂಡ ಹುಳುವಿನ ತಲೆ. ನಾಲಿಗೆ, ಭುಜ, ತೊಡೆಯ ಸ್ನಾಯುಗಳಲ್ಲಿ ಇವು ಹೆಚ್ಚು. ಇಂಥ ಮಾಂಸವನ್ನು ಅರೆಬೆಂದದ್ದಾಗಿ ತಿಂದವರ ಕರುಳಿನಲ್ಲಿ ಆ ತಲೆ ಕಚ್ಚಿಕೊಂಡು ಎರಡರಿಂದ ಏಳು ಮೀಟರ್ ಉದ್ದದ ಲಾಡಿಹುಳು ಬೆಳೆಯುತ್ತದೆ. ಅದರ ಬಿಲ್ಲೆಗಳು ತತ್ತಿ ತುಂಬಿಕೊಂಡು ಮಲದೊಂದಿಗೆ ಹೊರಬೀಳುತ್ತವೆ. ಆ ವ್ಯಕ್ತಿಗೆ ಸ್ವಲ್ಪ ಹೊಟ್ಟೆ ಕೆಡುವುದು ಬಿಟ್ಟರೆ ಹೆಚ್ಚು ತೊಂದರೆ ಇರದೆಯೂ ಇರಬಹುದು.

ತೊಂದರೆ ಶುರುವಾಗುವುದು ಆ ತತ್ತಿಯಿಂದ. ತತ್ತಿ ಮನುಷ್ಯನ ಬಾಯಿಗೇ ಮರಳಿದರೆ ಮರಿ ರಕ್ತದಲ್ಲಿ ಸಾಗಿ ಮಿದುಳಿಗೆ ಹೋಗಿ ಕೂರುತ್ತದೆ, ಹಂದಿಯ ಸ್ನಾಯುವಿನಲ್ಲಿ ಆದ ಗುಳ್ಳೆಯೇ ಇಲ್ಲಿ ತಲೆಯೊಳಗೆ ಆಗುತ್ತದೆ. ಎಷ್ಟೋ ವರ್ಷಗಳ ನಂತರ ಒಂದು ದಿನ ಫಿಟ್ಸ್ ಬರುತ್ತದೆ. ಹಂದಿಯನ್ನು ಕಣ್ಣೆತ್ತಿಯೂ ನೋಡದ ಮನೆಯವರಿಗೂ, ಹುಟ್ಟಾ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ತತ್ತಿ ಬರುವುದು ಮಾಂಸದಿಂದ ಅಲ್ಲ; ತೊಳೆಯದ ಕೈಯಿಂದ, ಮಲ ಬೆರೆತ ನೀರಿನಿಂದ, ಆ ನೀರು ಹಾಯಿಸಿ ಬೆಳೆದ ಹಸಿ ಸೊಪ್ಪಿನಿಂದ. ಈ ರೋಗ ನೆಲೆಯೂರಿದ ಕಡೆಗಳಲ್ಲಿ ಮೂರ್ಛೆರೋಗದ ಸುಮಾರು ಶೇ 30ರಷ್ಟಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ಇದನ್ನು ನೋಡುತ್ತ, ಬರೆಯುತ್ತ ಬಂದಿದ್ದಾರೆ. ಫಿಟ್ಸ್ ಬಂದವರ ಮೂಗಿಗೆ ಚಪ್ಪಲಿ, ಕೈಗೆ ಕಬ್ಬಿಣದ ಕೀಲಿ ಹಿಡಿಸುವ ನಮ್ಮ ಊರುಗಳಲ್ಲಿ, ಒಂದು ಸ್ಕ್ಯಾನ್‌ನಲ್ಲಿ ಕಂಡು ಔಷಧಿಗೆ ಬಗ್ಗುವ ರೋಗಕ್ಕೆ ದೆವ್ವದ ಹೆಸರು ಕೊಟ್ಟು ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿಲ್ಲ!

ಇಲ್ಲೇ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಲಾಡಿಹುಳು ಬೆಳೆದು ತತ್ತಿ ಇಡುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಅಂದರೆ ಊರ ಹಂದಿಯಾಗಲಿ, ಕಾಡುಹಂದಿಯಾಗಲಿ, ಅದರ ಮೈಯಲ್ಲಿ ಈ ಗುಳ್ಳೆ ಇದ್ದರೆ ಅದು ಮನುಷ್ಯನ ಮಲದಿಂದಲೇ ಬಂದದ್ದು, ಬೇರೆ ದಾರಿಯೇ ಇಲ್ಲ. ಕಾಡು ನಮಗೆ ರೋಗ ಕೊಟ್ಟಿತು ಎನ್ನುತ್ತೇವೆ. ಕಾಡುಹಂದಿಗೆ ಈ ರೋಗ ಕೊಟ್ಟವರು ನಾವು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚ ಮುಕ್ತ ಎಂದು ಘೋಷಣೆಯಾಯಿತು. ಶೌಚಾಲಯ ಕಟ್ಟಿದ್ದು ನಿಜ, ಅದು ದೊಡ್ಡ ಕೆಲಸವೂ ಹೌದು. ಆದರೆ ನೀರಿಲ್ಲದೆ ಕಟ್ಟಿಗೆ, ಕುಳ್ಳು ತುಂಬಿಟ್ಟ ಶೌಚಾಲಯಗಳು ಎಷ್ಟು, ತಂಬಿಗೆ ಹಿಡಿದು ಹೊಲದ ಬದುವಿಗೆ ಹೋಗುವವರು ಎಷ್ಟು ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಬೆಳಗಿನ ಜಾವ ನಡೆದಾಡಿದ ಎಲ್ಲರೂ ಬಲ್ಲರು. ಅದೇ ಬದುವಿಗೆ ರಾತ್ರಿ ಹಂದಿ ಬರುತ್ತದೆ.

ಊರ ಹಂದಿಗಳಿಗೆ ಈ ಲಾಡಿಹುಳುವಿನ ವಿರುದ್ಧ ಲಸಿಕೆ ಇದೆ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರೂಪಗೊಂಡ ಆ ಲಸಿಕೆಯನ್ನು ತಯಾರಿಸುತ್ತಿರುವುದು ಸೇಡಂನಿಂದ ಒಂದೇ ರೈಲಿನ ದೂರದಲ್ಲಿರುವ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ. ಕಾಡುಹಂದಿಗೆ ಸೂಜಿ ಚುಚ್ಚಲಾಗದು. ಅದಕ್ಕೆ ನಮ್ಮ ಶೌಚಾಲಯದ ಬಾಗಿಲೇ ಲಸಿಕೆ.

ಕುರಿ, ನಾಯಿ, ತೋಳ

ಮೂರನೆಯದನ್ನು ಕೊನೆಗೆ ಇಟ್ಟುಕೊಂಡದ್ದು ಅದು ಈ ಸೀಮೆಗೆ ಎಲ್ಲಕ್ಕಿಂತ ಹತ್ತಿರದ್ದು ಎಂಬ ಕಾರಣಕ್ಕೆ. ರಾಜ್ಯದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ ಒಂದು ಕೋಟಿಗೂ ಹೆಚ್ಚು ಕುರಿಗಳಿವೆ, ಕಲ್ಯಾಣ ಕರ್ನಾಟಕ ಕುರಿಗಾರರ ನಾಡು. ಕುರಿ ಇದ್ದಲ್ಲಿ ನಾಯಿ ಇರಲೇಬೇಕು. ತೋಳದಿಂದ ಹಟ್ಟಿ ಕಾಯುವುದು ಅದೇ.

ಎಕಿನೊಕಾಕಸ್ ಎಂಬ ಈ ಹುಳು ಬಲು ಸಣ್ಣದು, ಉದ್ದ ಏಳು ಮಿಲಿಮೀಟರ್ ದಾಟುವುದಿಲ್ಲ. ನಾಯಿ, ತೋಳ, ನರಿಗಳ ಕರುಳಿನಲ್ಲಿ ಸಾವಿರಗಟ್ಟಲೆ ಇದ್ದರೂ ಆ ಪ್ರಾಣಿಗೆ ಏನೂ ಆದಂತೆ ಕಾಣುವುದಿಲ್ಲ. ತತ್ತಿ ಮಲದಲ್ಲಿ ಬಿದ್ದು ಹುಲ್ಲಿಗೆ, ನೀರಿಗೆ ಸೇರುತ್ತದೆ. ನಾಯಿ ತನ್ನ ಮೈ ನೆಕ್ಕಿಕೊಂಡಾಗ ಕೂದಲಿಗೂ ಅಂಟುತ್ತದೆ. ಹುಲ್ಲು ಮೇಯ್ದ ಕುರಿ, ಮೇಕೆ, ದನ, ಜಿಂಕೆ ಜಾತಿಯ ಪ್ರಾಣಿಗಳ ಕಲೀಜಿ, ಪುಪ್ಪುಸಗಳಲ್ಲಿ ನೀರು ತುಂಬಿದ ಚೀಲಗಳು ಬೆಳೆಯುತ್ತವೆ. ಹಟ್ಟಿಯ ನಾಯಿಯನ್ನು ಮುದ್ದು ಮಾಡಿ ಅದೇ ಕೈಯಲ್ಲಿ ರೊಟ್ಟಿ ಮುರಿದ ಮಗುವಿನಲ್ಲೂ ಹೀಗೇ ಆಗುತ್ತದೆ. ಮನುಷ್ಯರಲ್ಲಿ ಹೆಚ್ಚಿನ ಸಲ ಕಲೀಜಿಯಲ್ಲಿ, ಅದು ಬಿಟ್ಟರೆ ಪುಪ್ಪುಸದಲ್ಲಿ. ಚೀಲ ಹತ್ತಾರು ವರ್ಷ ಸದ್ದಿಲ್ಲದೆ ದೊಡ್ಡದಾಗುತ್ತ ಹೋಗಬಹುದು. ಹೊಟ್ಟೆಯ ಬಲಗಡೆ ಭಾರ, ಕೆಮ್ಮು, ಎದೆ ಬಿಗಿತ ಎಂದು ಬಂದವರಿಗೆ ಸ್ಕ್ಯಾನ್ ಮಾಡಿದಾಗ ಗೊತ್ತಾಗುತ್ತದೆ. ಬಿದ್ದ ಪೆಟ್ಟಿಗೆ ಅದು ಒಳಗೇ ಒಡೆದರೆ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಗುಳಿಗೆ ಇದೆ, ಸೂಜಿಯಿಂದ ನೀರು ತೆಗೆಯುವ ವಿಧಾನ ಇದೆ, ಶಸ್ತ್ರಚಿಕಿತ್ಸೆ ಇದೆ. ಯಾವುದೂ ಸಣ್ಣ ಕೆಲಸವಲ್ಲ.

ಚೀಲವಿದ್ದ ಕಲೀಜಿಯನ್ನು ಬೇಯಿಸಿ ತಿಂದ ಮನುಷ್ಯನಿಗೆ ಈ ರೋಗ ಬರುವುದಿಲ್ಲ. ಅದು ನಾಯಿಯ ಹೊಟ್ಟೆಗೆ ಹಸಿಯಾಗಿ ಹೋಗಬೇಕು, ಅಲ್ಲಿ ಸುಮಾರು ಆರೇಳು ವಾರ ಬೆಳೆಯಬೇಕು, ಆಮೇಲೆ ಅದರ ತತ್ತಿ ನಮ್ಮ ಬಾಯಿಗೆ ಬರಬೇಕು. ಅಂದರೆ ಕುರಿಯನ್ನೋ ಬೇಟೆಯನ್ನೋ ಕೊಯ್ದ ಹೊತ್ತಿನಲ್ಲಿ, “ಇದು ಕೆಟ್ಟದ್ದು, ನಾವು ತಿನ್ನೂದು ಬ್ಯಾಡ” ಎಂದು ಗುಳ್ಳೆಯ ತುಂಡನ್ನು ಕತ್ತರಿಸಿ ನಾಯಿಗೆ ಎಸೆಯುವ ಆ ಒಂದು ಕ್ಷಣದಲ್ಲಿ ರೋಗ ಮುಂದುವರಿಯುತ್ತದೆ. ನಾವು ಜಾಣತನವೆಂದು ಮಾಡುವುದೇ ಹುಳುವಿಗೆ ಬೇಕಾದದ್ದು. ಹಳ್ಳಿಯಲ್ಲಿ ರವಿವಾರ ಬೆಳಿಗ್ಗೆ ಕುರಿ ಕೊಯ್ಯುವ ಜಾಗದ ಸುತ್ತ ನೋಡಿದರೆ ಸಾಕು. ಕೊಯ್ಯುವವನ ಕೈ ಹೊರಗೆ ಬೀಸುವುದನ್ನೇ ಕಾಯುತ್ತ ನಾಲ್ಕಾರು ನಾಯಿಗಳು ಅರ್ಧಚಂದ್ರಾಕಾರ ಕೂತಿರುತ್ತವೆ. ತುಂಡು ನೆಲಕ್ಕೆ ಬೀಳುವ ಮುಂಚೆಯೇ ಬಾಯಿಗೆ ಹೋಗಿರುತ್ತದೆ. ಆಮೇಲೆ ಅದೇ ನಾಯಿ ಅಂಗಳದಲ್ಲಿ ಮಕ್ಕಳ ನಡುವೆ ಮಲಗುತ್ತದೆ.

ಐಸ್‌ಲ್ಯಾಂಡ್ ಎಂಬ ಪುಟ್ಟ ದ್ವೀಪದೇಶ ಒಂದು ಕಾಲಕ್ಕೆ ಈ ನೀರುಚೀಲದ ರೋಗಕ್ಕೇ ಹೆಸರಾಗಿತ್ತು. ಅದೂ ಕುರಿಗಾರರ ನಾಡು, ಮನೆಮನೆಗೂ ನಾಯಿ. 1860ರ ದಶಕದಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿಗೆ ಹೋಗಿ, ಹುಳು ಹೇಗೆ ಹರಡುತ್ತದೆ, ಕೊಯ್ದ ಕುರಿಯ ಗುಳ್ಳೆಗಳನ್ನು ಏಕೆ ಸುಡಬೇಕು ಅಥವಾ ಹೂಳಬೇಕು ಎಂದು ಸರಳವಾಗಿ ಬರೆದ ಪುಸ್ತಿಕೆಯನ್ನು ಮನೆಮನೆಗೆ ಹಂಚಿಸಿದ. ಚಳಿಗಾಲದ ರಾತ್ರಿಗಳಲ್ಲಿ ಕೂಡಿ ಓದುವ ಜನ ಅದನ್ನೂ ಓದಿದರು. ಆಮೇಲೆ ನಾಯಿಗೆ ಜಂತುನಾಶಕ ಕೊಡುವುದನ್ನು ಕಾನೂನು ಕಡ್ಡಾಯ ಮಾಡಿತು. ಇಪ್ಪತ್ತನೇ ಶತಮಾನದಲ್ಲಿ ಆ ದೇಶದಿಂದ ರೋಗವೇ ಹೊರಟುಹೋಯಿತು. ಆಗ ಇಂದಿನ ಔಷಧಿಗಳು ಇರಲಿಲ್ಲ, ಸ್ಕ್ಯಾನ್ ಇರಲಿಲ್ಲ. ಒಂದು ಪುಸ್ತಿಕೆ, ಒಂದು ಗುಂಡಿ, ಒಂದು ಹಟ.

ಊರ ನಾಯಿಗೆ ಈ ಹುಳು ಹತ್ತದಂತೆ ನೋಡಿಕೊಂಡರೆ ಕಾಡಿನ ಪ್ರಾಣಿಗಳಿಗೂ ಒಳಿತು ಎಂಬುದನ್ನು ಸೇರಿಸಬೇಕು. ಊರ ನಾಯಿಗಳು ಚಿಂಚೋಳಿ ಕಾಡಿನ ಅಂಚಿನಲ್ಲಿ ಅಲೆದು ಚಿಗರಿಯ ಮರಿಗಳನ್ನು ಹಿಡಿಯುವುದಷ್ಟೇ ಅಲ್ಲ, ತಮ್ಮ ಹುಳುಗಳನ್ನೂ ಅಲ್ಲಿ ಬಿಟ್ಟು ಬರುತ್ತವೆ.

ನಾರುಹುಣ್ಣು ಹೋದ ದಾರಿ

ಇದೆಲ್ಲ ನಮ್ಮ ಕೈಯಲ್ಲಿ ಆಗುವ ಕೆಲಸವೇ ಎಂದು ಕೇಳುವವರು ತಮ್ಮ ಮನೆಯ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಲಿ. ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯಲ್ಲಿ ಮೆಟ್ಟಿಲು ಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದಲ್ಲಿ, ಕಾಲಿನಿಂದ ಮೀಟರ್ ಉದ್ದದ ಬಿಳಿ ನಾರಿನಂಥ ಹುಳು ದಿನಕ್ಕಿಷ್ಟೇ ಎಂದು ಹೊರಬರುತ್ತಿತ್ತು. ಕಡ್ಡಿಗೆ ಸುತ್ತುತ್ತ ಎಳೆಯುತ್ತಿದ್ದರು. ನಡುವೆ ಹರಿದರೆ ಕಾಲೇ ಬಾತು ತಿಂಗಳುಗಟ್ಟಲೆ ಮಲಗಬೇಕಿತ್ತು. ಕುಡಿಯುವ ನೀರಿನಲ್ಲಿರುವ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಜೀವಿಯೊಳಗೆ ಅದರ ಮರಿ ಇರುತ್ತಿತ್ತು. ಈ ರೋಗಕ್ಕೆ ಆಗಲೂ ಔಷಧಿ ಇರಲಿಲ್ಲ, ಲಸಿಕೆ ಇರಲಿಲ್ಲ, ಇವತ್ತಿಗೂ ಇಲ್ಲ. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ನೀರು ಸೋಸುವ ಬಟ್ಟೆ ಕೊಟ್ಟರು, ಬಾವಿಗೆ ಔಷಧಿ ಹಾಕಿದರು, ಮೆಟ್ಟಿಲು ಮುಚ್ಚಿಸಿ ಕೊಳವೆ ಬಾವಿ ಕೊರೆಸಿದರು. ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನವಿತ್ತು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. 2000ನೇ ಇಸವಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಈಗ ಆಫ್ರಿಕಾದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರಲ್ಲಿ ಮಾತ್ರ ಉಳಿದಿರುವ ಅದೇ ನಾರುಹುಳು ಪೂರ್ತಿ ಹೋಗಲು ಅಡ್ಡಿಯಾಗಿರುವುದು ಏನು ಗೊತ್ತೇ? ನಾಯಿಗಳು. 2012ರಿಂದ ಚಾಡ್ ದೇಶದ ನಾಯಿಗಳಲ್ಲಿ ಅದು ಕಾಣಿಸಿಕೊಳ್ಳತೊಡಗಿತು. ನದಿ ದಂಡೆಯ ಮೀನುಗಾರರು ಎಸೆಯುವ ಮೀನಿನ ಕರುಳು ತಿಂದು ಬಂದಿರಬಹುದು ಎಂದು ತಜ್ಞರು ಅಂದಾಜಿಸಿದರು. ಇಥಿಯೋಪಿಯಾದಲ್ಲಿ ಕಾಡಿನ ಬಬೂನ್ ಕೋತಿಗಳಿಗೂ ಹತ್ತಿದೆ. ಚಾಡ್‌ನ ಹಳ್ಳಿಗಳಲ್ಲಿ ನಡೆಯುತ್ತಿರುವ ಮುಖ್ಯ ಕೆಲಸಗಳಲ್ಲಿ ಎರಡು: ಮೀನಿನ ಕರುಳನ್ನು ಹೂಳುವುದು, ಹುಳು ಬಂದ ನಾಯಿಯನ್ನು ಕಟ್ಟಿಹಾಕುವುದು.

ನಮ್ಮ ಹಳ್ಳಿಗಳಲ್ಲೂ ಗುಂಡಿ ತೋಡುವುದು ಕಷ್ಟದ ಕೆಲಸವಲ್ಲ. ಪ್ರತಿ ಗ್ರಾಮ ಪಂಚಾಯಿತಿ ಕುರಿ ಕೊಯ್ಯುವ ಜಾಗದಲ್ಲಿ ನಾಯಿ ಬಗೆಯಲಾಗದಷ್ಟು ಆಳದ, ಮುಚ್ಚಳವಿರುವ ಒಂದು ಗುಂಡಿ ಮಾಡಿಸಲಿ. ಕುರಿಗೆ ಜಂತಿನ ಔಷಧಿ ಕುಡಿಸುವ ದಿನವೇ ಹಟ್ಟಿಯ ನಾಯಿಗೂ ಪ್ರಾಜಿಕ್ವಾಂಟೆಲ್ ಗುಳಿಗೆ ಹಾಕಲಿ. ಪಶುವೈದ್ಯರನ್ನು ಕೇಳಿದರೆ ಪ್ರಮಾಣ ಹೇಳುತ್ತಾರೆ. ಮಾಂಸ ತೊಳೆಯುವುದು, ಹೆಚ್ಚುವುದು ಹೆಚ್ಚಾಗಿ ಹೆಣ್ಣುಮಕ್ಕಳೇ. ಬಸುರಿಯರು ಹ‌ಸಿ ಮಾಂಸವನ್ನು ಮುಟ್ಟದಿರುವುದು ಒಳ್ಳೆಯದು, ಅದರಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಮಿದುಳಿಗೆ ಹಾನಿ ಮಾಡಬಲ್ಲದು. ಶಾಲೆಯಲ್ಲಿ ವರ್ಷಕ್ಕೆರಡು ಸಲ ಮಕ್ಕಳಿಗೆ ಕೊಡುವ ಜಂತುನಾಶಕ ಗುಳಿಗೆ ಒಳ್ಳೆಯದೇ, ಆದರೆ ಒಂದು ಗುಳಿಗೆಯಿಂದ ನೀರುಚೀಲವಾಗಲಿ ಮಿದುಳಿನ ಗುಳ್ಳೆಯಾಗಲಿ ಹೋಗುವುದಿಲ್ಲ.

ಗುಂಡಿಗಿಂತ ಕಷ್ಟದ್ದು ಬಾಯಿ ಬಿಡುವುದು. ನಾರುಹುಣ್ಣನ್ನು ತೋರಿಸಿದವರಿಗೆ ಬಹುಮಾನವಿತ್ತು, ಬೇಟೆ ಮಾಂಸ ತಿಂದೆನೆಂದು ಹೇಳಿದವರಿಗೆ ಕೇಸಿನ ಭಯವಿದೆ. ಹಾಗಾಗಿ ಕಣ್ಣು ಊದಿ, ಮೈ ನೋವೆಂದು ಬಂದವರು ವೈದ್ಯರ ಮುಂದೆಯೂ ಸುಮ್ಮನಿರುತ್ತಾರೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡಬೇಕೆಂದು ವೈದ್ಯರ ನೀತಿ ಸಂಹಿತೆಯೇ ಹೇಳುತ್ತದೆ. ನ್ಯಾಯಾಲಯದ ಆದೇಶದಂಥ ಸಂದರ್ಭ ಬಿಟ್ಟರೆ ಅದನ್ನು ಹೊರಗೆ ಹೇಳುವಂತಿಲ್ಲ. ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಲಿ, ತಾಲ್ಲೂಕು ಆಸ್ಪತ್ರೆಗೆ ಹೋಗಲಿ, ಏನು ತಿಂದೆವು, ಎಂದು ತಿಂದೆವು, ಜೊತೆಗೆ ಯಾರ‍್ಯಾರು ತಿಂದರು ಎಂಬುದನ್ನು ವೈದ್ಯರಿಗೆ ಹೇಳಿ. ವೈದ್ಯರೂ “ನಿಜ ಹೇಳ್ರಿ, ನಾ ಪೊಲೀಸ್ ಅಲ್ಲ” ಎಂದು ತಾವೇ ಮೊದಲು ಕೇಳಬೇಕು. ಅಣ್ಣನಿಗೆ ಬಂದದ್ದು ತಮ್ಮನಿಗೂ ಅದೇ ವಾರ ಬಂದಿದ್ದರೆ ಟೈಫಾಯ್ಡ್ ಪರೀಕ್ಷೆಯಾಚೆ ನೋಡಬೇಕು.

ಇಲ್ಲಿಯ ಹಂದಿಗಳಲ್ಲಿ ಟ್ರಿಕಿನೆಲ್ಲಾ ಇದೆಯೇ ಎಂದು ತಿಳಿಯಲೂ ದಾರಿಯಿದೆ. ಬೇಟೆಯಾಡದೆಯೂ ಕಾಡುಹಂದಿಗಳು ಸಾಯುತ್ತವೆ. ಸಿಮೆಂಟ್ ಲಾರಿಗಳು ಓಡಾಡುವ ಸೇಡಂ, ಚಿತ್ತಾಪುರದ ರಸ್ತೆಗಳಲ್ಲಿ, ವಾಡಿ ಜಂಕ್ಷನ್ನಿನ ಹಳಿಗಳ ಮೇಲೆ ಸಿಕ್ಕ ಕಳೇಬರವನ್ನು ಅರಣ್ಯ ಸಿಬ್ಬಂದಿ ಹೂಳುವ ಮುಂಚೆ ಸ್ಥಳೀಯ ಪಶುವೈದ್ಯರು ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಸ್ನಾಯುವಿನ ಒಂದು ತುಂಡು, ನಾಲಿಗೆಯ ಒಂದು ತುಂಡು ತೆಗೆದಿಡಲಿ. ಟ್ರಿಕಿನೆಲ್ಲಾ ಮರಿಗಳು ಹೆಚ್ಚು ಇರುವುದು ಅಲ್ಲೇ. ಮಾಂಸವನ್ನು ಜಠರರಸದಂಥ ದ್ರಾವಣದಲ್ಲಿ ಕರಗಿಸಿ ತಳದಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅದು, ದುಬಾರಿ ಯಂತ್ರ ಬೇಡ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಪಕ್ಕದ ಬೀದರಿನಲ್ಲಿ. ಚಿಂಚೋಳಿಯಿಂದ ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ಹೊರಟ ತುಂಡು ಅದೇ ದಿನ ಅಲ್ಲಿಗೆ ಮುಟ್ಟುತ್ತದೆ.